ಕ್ರೂಸ್‌ನಲ್ಲಿ ಹೋಗಿ ಸ್ನಾರ್ಕೆಲಿಂಗ್: ದೆಹಲಿಯಿಂದ ಹೊರಡುವವರಿಗೆ ಯಾವ ದ್ವೀಪ ಸೂಕ್ತ? ಇಲ್ಲಿದೆ ಸಂಪೂರ್ಣ ಮಾಹಿತಿ

ನವದೆಹಲಿ: ಪ್ರಧಾನಿ ನರೇಂದ್ರ ಮೋದಿ ಅವರು 2024ರ ಜನವರಿಯಲ್ಲಿ ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳನ್ನು ಹಂಚಿಕೊಂಡ ಬಳಿಕ ದೇಶದ ದ್ವೀಪಗಳ ಬಗ್ಗೆ ಪ್ರವಾಸಿಗರ ಆಸಕ್ತಿ ಒಮ್ಮೆಲೇ ಹೆಚ್ಚಿತು. ಹೊಗೆ ಮತ್ತು ಮಂಜಿನಲ್ಲಿ ಚಳಿಗಾಲ ಕಳೆಯುವ ದೆಹಲಿ, ನೋಯ್ಡಾ, ಗುರುಗ್ರಾಮದ ಜನರಿಗಂತೂ ನವೆಂಬರ್‌ನಿಂದ ಫೆಬ್ರವರಿವರೆಗೆ ಸಮುದ್ರದ ಕಡೆ ಹೋಗುವ ಆಸೆ ಸಹಜ. ಆದರೆ ಹಡಗಿನ ಟಿಕೆಟ್ ಕೊಂಡ ಮಾತ್ರಕ್ಕೆ ಹವಳ, ಬಣ್ಣದ ಮೀನು ನೋಡಲು ಸಿಗುತ್ತವೆ ಎಂದೇನಿಲ್ಲ. ದ್ವೀಪ, ತಿಂಗಳು, ಹಡಗು ಈ ಮೂರನ್ನೂ ಸರಿಯಾಗಿ ಆರಿಸದಿದ್ದರೆ ಖರ್ಚು ಮಾಡಿದ ಹಣ ವ್ಯರ್ಥವಾಗಬಹುದು, ಕೆಲವೊಮ್ಮೆ ಜೀವಕ್ಕೂ ಅಪಾಯ ಎದುರಾಗಬಹುದು.

ಸ್ನಾರ್ಕೆಲಿಂಗ್ ಎಂದರೇನು?

ಕಣ್ಣು ಮತ್ತು ಮೂಗು ಮುಚ್ಚುವ ಮಾಸ್ಕ್ ಧರಿಸಿ, ಬಾಯಲ್ಲಿ ಉಸಿರಾಟದ ಕೊಳವೆ ಇಟ್ಟುಕೊಂಡು ನೀರಿನ ಮೇಲೆ ಮುಖ ಕೆಳಗೆ ಮಾಡಿ ತೇಲುತ್ತಾ ಸಮುದ್ರದ ತಳ ನೋಡುವುದೇ ಸ್ನಾರ್ಕೆಲಿಂಗ್. ಇದಕ್ಕೆ ಸ್ಕೂಬಾ ಡೈವಿಂಗ್‌ನಂತೆ ಆಮ್ಲಜನಕದ ಸಿಲಿಂಡರ್ ಹೊರಬೇಕಿಲ್ಲ (ನಿಜವಾಗಿ ಸ್ಕೂಬಾ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ ಇರುವುದು ಒತ್ತಡದಲ್ಲಿ ತುಂಬಿದ ಗಾಳಿ), ದೀರ್ಘ ತರಬೇತಿಯೂ ಬೇಡ. ಆದರೆ ನೀರಿನ ಮೇಲಿಂದಲೇ ನೋಡಬೇಕಾದ ಕಾರಣ ಹವಳ ಒಂದರಿಂದ ಐದು ಮೀಟರ್ ಆಳದೊಳಗೆ ಇರಬೇಕು, ನೀರು ತಿಳಿಯಾಗಿರಬೇಕು, ಅಲೆ ಕಡಿಮೆ ಇರಬೇಕು. ಸ್ಕೂಬಾಗೆ ಹೆಸರಾದ ಜಾಗವೆಲ್ಲ ಸ್ನಾರ್ಕೆಲಿಂಗ್‌ಗೆ ಒಳ್ಳೆಯದಲ್ಲ ಎನ್ನುವುದು ಇದೇ ಕಾರಣಕ್ಕೆ.

ದ್ವೀಪ ಆರಿಸುವ ಮುನ್ನ ಈ 4 ಅಂಶ ಗಮನಿಸಿ

1. ಹಡಗು ಎಷ್ಟು ಹೊತ್ತು ನಿಲ್ಲುತ್ತದೆ?: ಕ್ರೂಸ್ ವೇಳಾಪಟ್ಟಿಯಲ್ಲಿ ಬೆಳಗ್ಗೆ 8ರಿಂದ ಸಂಜೆ 4 ಎಂದಿದ್ದರೆ ಎಂಟು ಗಂಟೆಯೂ ನೀರಿನಲ್ಲಿರಬಹುದು ಎಂದು ತಿಳಿಯಬಾರದು. ದೊಡ್ಡ ಹಡಗು ಆಳ ಸಮುದ್ರದಲ್ಲೇ ಲಂಗರು ಹಾಕಿದರೆ ಸಣ್ಣ ದೋಣಿಗೆ ಸರದಿ ಕಾಯಬೇಕು, ದಡ ಸೇರಬೇಕು, ಮಾಸ್ಕ್ ಪಡೆಯಬೇಕು, ಊಟ ಮುಗಿಸಿ ಮತ್ತೆ ಹಡಗಿಗೆ ಮರಳಬೇಕು. ಇವೆಲ್ಲ ಕಳೆದರೆ ನೀರಿಗೆ ಉಳಿಯುವುದು ಒಂದೆರಡು ಗಂಟೆ ಮಾತ್ರ. ಹಾಗಾಗಿ ಇಳಿಯುವ ಜಾಗದಿಂದ ಹವಳದ ದಿಬ್ಬ ಎಷ್ಟು ದೂರ ಎಂಬುದನ್ನು ಬುಕಿಂಗ್‌ಗೆ ಮೊದಲೇ ಕೇಳಿ.

2. ಲಗೂನ್ ಇದೆಯೇ?: ಲಗೂನ್ ಎಂದರೆ ಹವಳದ ದಿಬ್ಬ ಸುತ್ತುವರಿದ, ಆಳ ಕಡಿಮೆ ಇರುವ ಶಾಂತ ನೀರು. ಹೊರಗಿನ ದೊಡ್ಡ ಅಲೆಗಳು ದಿಬ್ಬಕ್ಕೆ ಬಡಿದು ಅಲ್ಲೇ ಒಡೆಯುತ್ತವೆ. ಮಕ್ಕಳು, ಹಿರಿಯರು, ಈಜು ಬಾರದವರಿಗೆ ಲಗೂನ್ ಇರುವ ದ್ವೀಪವೇ ಸುರಕ್ಷಿತ.

3. ಯಾವ ತಿಂಗಳು?: ಮುಂಗಾರಿನಲ್ಲಿ ಅಲೆ ಹೆಚ್ಚಾಗಿ ನೀರು ಕದಡುತ್ತದೆ. ಅರಬ್ಬಿ ಸಮುದ್ರದ ದ್ವೀಪಗಳಿಗೆ ಅಕ್ಟೋಬರ್‌ನಿಂದ ಏಪ್ರಿಲ್, ಅಂಡಮಾನ್‌ಗೆ ಡಿಸೆಂಬರ್‌ನಿಂದ ಏಪ್ರಿಲ್ ಉತ್ತಮ.

4. ಹವಳ ಜೀವಂತವಾಗಿದೆಯೇ?: ಸಮುದ್ರದ ನೀರು ಅತಿಯಾಗಿ ಬಿಸಿಯಾದಾಗ ಹವಳ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ, ಬಿಸಿ ಮುಂದುವರಿದರೆ ಸಾಯುತ್ತದೆ. ಜಾಹೀರಾತಿನ ಚಿತ್ರ ಹತ್ತು ವರ್ಷ ಹಳೆಯದಿರಬಹುದು. ಇತ್ತೀಚೆಗೆ ಹೋಗಿಬಂದವರ ವಿಡಿಯೊ ನೋಡಿಯೇ ನಿರ್ಧರಿಸಿ.

ಲಕ್ಷದ್ವೀಪ: ಹಡಗು ಮತ್ತು ಹವಳ ಎರಡೂ ಒಟ್ಟಿಗೆ

ಭಾರತದಲ್ಲಿ ಹಡಗಿನಲ್ಲಿ ಹೋಗಿ ಸ್ನಾರ್ಕೆಲಿಂಗ್ ಮಾಡಬೇಕೆಂದರೆ ಮೊದಲು ಹೇಳಬೇಕಾದ ಹೆಸರು ಲಕ್ಷದ್ವೀಪ. 36 ದ್ವೀಪಗಳ ಪೈಕಿ 10ರಲ್ಲಿ ಮಾತ್ರ ಜನವಸತಿ ಇದೆ. ಕನ್ನಡಿಗರಿಗೆ ಈ ದ್ವೀಪಗಳ ನಂಟು ಹೊಸದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಒಳಗೊಂಡ ಅಮಿನ್‌ದಿವಿ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನ್ ಆಡಳಿತಕ್ಕೆ ಬಂದಿದ್ದವು. ಟಿಪ್ಪು ಪತನದ ನಂತರ ಬ್ರಿಟಿಷರು ಇವನ್ನು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಸಿದರು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ಇವುಗಳ ಆಡಳಿತ ಮಂಗಳೂರಿನಿಂದಲೇ ನಡೆಯುತ್ತಿತ್ತು.

ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್' ನಡೆಸುವ 'ಸಮುದ್ರಂ' ಪ್ಯಾಕೇಜ್ ಇಲ್ಲಿನ ಹೆಸರಾಂತ ಕ್ರೂಸ್. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ 5 ದಿನಗಳ ಪ್ರವಾಸ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ಹಡಗಿನಲ್ಲೇ ವಾಸ. ಕೊಚ್ಚಿಯಿಂದ ದ್ವೀಪ ತಲುಪಲು 14ರಿಂದ 18 ಗಂಟೆ ಬೇಕು. ಮುಂಬೈನಿಂದ ಹೊರಡುವ ಕಾರ್ಡೇಲಿಯಾದಂತಹ ಖಾಸಗಿ ಕ್ರೂಸ್‌ಗಳ ಪಟ್ಟಿಯಲ್ಲೂ ಲಕ್ಷದ್ವೀಪ ಬಂದಿದೆ. ಆದರೆ ಖಾಸಗಿ ಕ್ರೂಸ್‌ನಲ್ಲಿ ಹಡಗಿನ ಮನರಂಜನೆಗೆ ಹೆಚ್ಚು ಸಮಯ, ದ್ವೀಪಕ್ಕೆ ಕಡಿಮೆ ಸಮಯ ಎಂಬುದು ನೆನಪಿರಲಿ.

ಕಲ್ಪೇನಿ: ವಿಶಾಲವಾದ, ಆಳ ಕಡಿಮೆ ಇರುವ ಲಗೂನ್. ತಿಲಕ್ಕಂ, ಪಿಟ್ಟಿ ಎಂಬ ಪುಟ್ಟ ದ್ವೀಪಗಳೂ ಇದೇ ಲಗೂನ್‌ನಲ್ಲಿವೆ. ಮೊದಲ ಬಾರಿ ನೀರಿಗಿಳಿಯುವವರಿಗೆ ಸೂಕ್ತ.

ಕವರತ್ತಿ: ಲಕ್ಷದ್ವೀಪದ ರಾಜಧಾನಿ. ಶಾಂತ ಲಗೂನ್ ಜೊತೆಗೆ ಗಾಜಿನ ತಳದ ದೋಣಿಯೂ ಇರುವುದರಿಂದ ನೀರಿಗಿಳಿಯದ ಹಿರಿಯರೂ ಹವಳ ನೋಡಬಹುದು.

ಮಿನಿಕಾಯ್: ದಕ್ಷಿಣದ ತುದಿಯಲ್ಲಿರುವ, ಅರ್ಧಚಂದ್ರಾಕಾರದ ದ್ವೀಪ. ಲಗೂನ್ ತುಂಬಾ ದೊಡ್ಡದು. 1885ರ ದೀಪಸ್ತಂಭ ಇಲ್ಲಿನ ಆಕರ್ಷಣೆ. ಉಳಿದ ದ್ವೀಪಗಳಂತೆ ಮಲಯಾಳಂ ಅಲ್ಲ, ಇಲ್ಲಿನ ಜನರ ಮಾತು ಮಾಲ್ಡೀವ್ಸ್‌ನ ಭಾಷೆಗೆ ಸೇರಿದ ಮಹಲ್.

ಬಂಗಾರಂ, ತಿನ್ನಕರ, ಕಡಮತ್: ಸ್ನಾರ್ಕೆಲಿಂಗ್ ಒಂದೇ ಉದ್ದೇಶವಾಗಿದ್ದರೆ ಹಡಗಿನ ಒಂದು ದಿನದ ಭೇಟಿಗಿಂತ ಈ ದ್ವೀಪಗಳಲ್ಲಿ ಎರಡು ಮೂರು ದಿನ ತಂಗುವುದು ಲೇಸು. ಬೆಳಗ್ಗೆ ಗಾಳಿ ಏಳುವ ಮುನ್ನ ನೀರಿಗಿಳಿಯುವ ಅವಕಾಶ ಸಿಗುವುದು ದ್ವೀಪದಲ್ಲೇ ಉಳಿದವರಿಗೆ. ಅಗತ್ತಿಗೆ ಕೊಚ್ಚಿಯಿಂದ ವಿಮಾನವಿದೆ. 2024ರಲ್ಲಿ ಬೆಂಗಳೂರಿನಿಂದಲೂ ವಿಮಾನ ಸಂಚಾರ ಆರಂಭವಾಯಿತು.

ಒಂದು ಎಚ್ಚರಿಕೆ: ಹಲವು ದ್ವೀಪಗಳಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಸಮುದ್ರದ ಮಧ್ಯೆಯೇ ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕು. ಮೊಣಕಾಲು ನೋವು ಇರುವವರು, ತೀರಾ ಚಿಕ್ಕ ಮಕ್ಕಳೊಂದಿಗೆ ಹೋಗುವವರು ಇದನ್ನು ಮೊದಲೇ ಯೋಚಿಸಬೇಕು.

ಅಂಡಮಾನ್: ಹಡಗಿಗಿಂತ ವಿಮಾನವೇ ಮೇಲು

ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣದಿಂದ ಶ್ರೀ ವಿಜಯಪುರಂಗೆ (ಹಿಂದಿನ ಪೋರ್ಟ್ ಬ್ಲೇರ್) ಪ್ರಯಾಣಿಕರ ಹಡಗುಗಳಿವೆ. ಆದರೆ ಇವು ಕ್ರೂಸ್ ಅಲ್ಲ, ದ್ವೀಪವಾಸಿಗಳ ಸಂಚಾರಕ್ಕಿರುವ ಹಡಗುಗಳು. ಒಂದು ಕಡೆಯ ಪ್ರಯಾಣಕ್ಕೇ ಎರಡೂವರೆಯಿಂದ ಮೂರು ದಿನ ಬೇಕು. ಆದ್ದರಿಂದ ದೆಹಲಿಯವರು ವಿಮಾನದಲ್ಲಿ ಹೋಗಿ, ಅಲ್ಲಿಂದ ದ್ವೀಪಗಳ ನಡುವೆ ವೇಗದ ಫೆರ್ರಿ ಹಿಡಿಯುವುದೇ ವಾಡಿಕೆ.

ಜಾಲಿ ಬಾಯ್: 1983ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಭಾಗ. ವಂಡೂರಿನಿಂದ ದೋಣಿ. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ರಾತ್ರಿ ತಂಗುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಈ ಕಟ್ಟುನಿಟ್ಟಿನಿಂದಲೇ ಇಲ್ಲಿನ ಹವಳ ಉಳಿದುಕೊಂಡಿದೆ. ವರ್ಷದ ಕೆಲವು ತಿಂಗಳು ಇದನ್ನು ಮುಚ್ಚಿ ರೆಡ್ ಸ್ಕಿನ್ ದ್ವೀಪಕ್ಕೆ ಪ್ರವಾಸಿಗರನ್ನು ಬಿಡಲಾಗುತ್ತದೆ.

ಎಲಿಫೆಂಟ್ ಬೀಚ್, ಸ್ವರಾಜ್ ದ್ವೀಪ (ಹ್ಯಾವ್‌ಲಾಕ್): ದಡದ ಸಮೀಪವೇ ಹವಳ ಇರುವುದು ಇದರ ವಿಶೇಷ. ಜನಸಂದಣಿ ಹೆಚ್ಚು, ಹಾಗಾಗಿ ಬೆಳಗಿನ ಮೊದಲ ದೋಣಿ ಹಿಡಿಯಿರಿ.

ನಾರ್ತ್ ಬೇ: ಹಳೆಯ 20 ರೂಪಾಯಿ ನೋಟಿನ ಚಿತ್ರದಲ್ಲಿರುವ ದೀಪಸ್ತಂಭದ ಜಾಗ. ರಾಜಧಾನಿಗೆ ಹತ್ತಿರ, ಒಂದೇ ದಿನ ಸಮಯವಿದ್ದವರಿಗೆ ಸೂಕ್ತ.

ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆ ಫಲಕ ಇರುವ ಕಡೆ, ಮ್ಯಾಂಗ್ರೋವ್ ಕಾಡಿನ ಅಂಚಿನಲ್ಲಿ ನೀರಿಗಿಳಿಯಲೇಬಾರದು.

ಊರಿಗೆ ಹೋದಾಗ ನೇತ್ರಾಣಿ

ರಜೆಯಲ್ಲಿ ಕರಾವಳಿಯ ಊರಿಗೆ ಹೋಗುವ ದೆಹಲಿ ಕನ್ನಡಿಗರಿಗೆ ಮುರ್ಡೇಶ್ವರದ ನೇತ್ರಾಣಿ ಹತ್ತಿರದ ಆಯ್ಕೆ. ತೀರದಿಂದ ಸುಮಾರು 19 ಕಿ.ಮೀ. ದೂರದ ಈ ದ್ವೀಪಕ್ಕೆ ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಆದರೆ ಇಲ್ಲಿ ಲಗೂನ್ ಇಲ್ಲ. ದೋಣಿಯಿಂದ ನೇರವಾಗಿ ಆಳದ ನೀರಿಗೆ ಇಳಿಯಬೇಕು. ಇದು ಮುಖ್ಯವಾಗಿ ಸ್ಕೂಬಾ ತಾಣ, ಈಜು ಬಲ್ಲವರಿಗೆ ಮಾತ್ರ ಸ್ನಾರ್ಕೆಲಿಂಗ್ ಹಿತ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪವು ಕಲ್ಲಿನ ಕಂಬಗಳಿಗೆ ಪ್ರಸಿದ್ಧವೇ ಹೊರತು ಹವಳಕ್ಕಲ್ಲ.

ದೆಹಲಿಯ ಹಜರತ್ ನಿಜಾಮುದ್ದೀನ್‌ನಿಂದ ಹೊರಡುವ, ಹೆಸರಿನಲ್ಲೇ ದ್ವೀಪವಿರುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಕೊಂಕಣ ರೈಲು ಮಾರ್ಗದಲ್ಲಿ ಉಡುಪಿ, ಮಂಗಳೂರು ದಾಟಿ ಎರ್ನಾಕುಲಂ ತಲುಪುತ್ತದೆ. ಅಂದರೆ ನೇತ್ರಾಣಿಗೂ, ಕೊಚ್ಚಿಯ ಹಡಗಿಗೂ ಇದೊಂದೇ ರೈಲು ಸಾಕು.

ವಿದೇಶಿ ಕ್ರೂಸ್ ಆದರೆ?

ಮಾಲ್ಡೀವ್ಸ್‌ನಲ್ಲಿ ಭಾರತೀಯರಿಗೆ ಆಗಮನದ ವೇಳೆ ಉಚಿತ ವೀಸಾ ಸಿಗುತ್ತದೆ, ರೆಸಾರ್ಟ್ ದಡದಿಂದಲೇ ಹವಳ ನೋಡಬಹುದು. ಥಾಯ್ಲೆಂಡ್‌ನ ಸಿಮಿಲಾನ್ ದ್ವೀಪಗಳು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತವೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಕೆರಿಬಿಯನ್ ಕ್ರೂಸ್ ಹಿಡಿಯುವವರು ಮೆಕ್ಸಿಕೊದ ಕೊಜುಮೆಲ್, ಬೊನೇರ್ ಇರುವ ಮಾರ್ಗ ಆರಿಸಬಹುದು. ಅಲ್ಲಿ ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಬೊನೇರ್ ಸಾಮಾನ್ಯವಾಗಿ ಚಂಡಮಾರುತದ ಹಾದಿಯಿಂದ ಹೊರಗಿದೆ.

ದೆಹಲಿ-ಎನ್‌ಸಿಆರ್‌ನವರಿಗೆ ವಿಶೇಷ ಸೂಚನೆ

ಬೇಸಿಗೆ ರಜೆ ನಂಬಬೇಡಿ: ದೆಹಲಿ ಶಾಲೆಗಳ ರಜೆ ಮೇ ಮತ್ತು ಜೂನ್‌ನಲ್ಲಿ. ಅಂಡಮಾನ್‌ಗೆ ಮೇ ಮೂರನೇ ವಾರದ ಹೊತ್ತಿಗೆ, ಕೇರಳಕ್ಕೆ ಜೂನ್ 1ರ ಆಸುಪಾಸಿನಲ್ಲಿ ಮುಂಗಾರು ಕಾಲಿಡುತ್ತದೆ. ದಸರಾ, ಚಳಿಗಾಲದ ರಜೆ ಅಥವಾ ಮಾರ್ಚ್ ಪರೀಕ್ಷೆ ಮುಗಿದ ನಂತರದ ದಿನಗಳು ಮೇಲು.

ಮಂಜು ಲೆಕ್ಕಕ್ಕಿರಲಿ: ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ದಟ್ಟ ಮಂಜಿನಿಂದ ದೆಹಲಿಯ ವಿಮಾನ, ರೈಲುಗಳು ತಡವಾಗುವುದು ಸಾಮಾನ್ಯ. ಹಡಗು ಯಾರಿಗೂ ಕಾಯುವುದಿಲ್ಲ. ಹೊರಡುವ ಹಿಂದಿನ ದಿನವೇ ಕೊಚ್ಚಿ ಅಥವಾ ಮುಂಬೈ ತಲುಪುವಂತೆ ಟಿಕೆಟ್ ಮಾಡಿಸಿ.

ಪರ್ಮಿಟ್: ಲಕ್ಷದ್ವೀಪ ಪ್ರವೇಶಕ್ಕೆ ಭಾರತೀಯರಿಗೂ ಪರ್ಮಿಟ್ ಬೇಕು. ಅರ್ಜಿಯ ಜೊತೆ ಸಾಮಾನ್ಯವಾಗಿ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳಲಾಗುತ್ತದೆ. ದೆಹಲಿ ನಿವಾಸಿಗಳು ದೆಹಲಿ ಪೊಲೀಸರಲ್ಲಿ, ಗುರುಗ್ರಾಮ, ಫರೀದಾಬಾದ್‌ನವರು ಹರಿಯಾಣ ಪೊಲೀಸರಲ್ಲಿ, ನೋಯ್ಡಾ, ಗಾಜಿಯಾಬಾದ್‌ನವರು ಉತ್ತರ ಪ್ರದೇಶ ಪೊಲೀಸರಲ್ಲಿ ಅರ್ಜಿ ಹಾಕಬೇಕು. ಬಾಡಿಗೆ ಮನೆಯಲ್ಲಿದ್ದು ಆಧಾರ್‌ನಲ್ಲಿ ಊರಿನ ವಿಳಾಸವೇ ಇರುವವರಿಗೆ ಇದಕ್ಕೆ ಹೆಚ್ಚು ಸಮಯ ಹಿಡಿಯಬಹುದು. ಕನಿಷ್ಠ ಒಂದೂವರೆ ತಿಂಗಳು ಮೊದಲೇ ಆರಂಭಿಸಿ.

ಕೊಳದಲ್ಲಿ ಅಭ್ಯಾಸ: ಸಮುದ್ರದಲ್ಲೇ ಮೊದಲ ಬಾರಿ ಮಾಸ್ಕ್ ಹಾಕಿದರೆ ಗಾಬರಿಯಾಗುವುದು ಸಹಜ. ಹತ್ತಿರದ ಈಜುಕೊಳದಲ್ಲಿ ನಾಲ್ಕೈದು ದಿನ ಬಾಯಲ್ಲಿ ಉಸಿರಾಡುವುದು, ಮಾಸ್ಕ್‌ಗೆ ನುಗ್ಗಿದ ನೀರು ಹೊರಹಾಕುವುದನ್ನು ಕಲಿಯಿರಿ. ಕನ್ನಡಕ ಧರಿಸುವವರಿಗೆ ಪವರ್ ಇರುವ ಮಾಸ್ಕ್‌ಗಳು ಸಿಗುತ್ತವೆ.

ಜೀವ ಮುಖ್ಯ: ಇವನ್ನು ಮರೆಯದಿರಿ

* ಈಜು ಬಂದರೂ ಲೈಫ್ ಜಾಕೆಟ್ ಧರಿಸಿ. ಒಬ್ಬರೇ ನೀರಿಗಿಳಿಯಬೇಡಿ.
* ಹೃದ್ರೋಗ, ಅಧಿಕ ರಕ್ತದೊತ್ತಡ, ಅಸ್ತಮಾ ಇರುವವರು ವೈದ್ಯರನ್ನು ಕೇಳಿಯೇ ಹೊರಡಿ. ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇರುವುದಿಲ್ಲ.
* ಮದ್ಯ ಸೇವಿಸಿ ನೀರಿಗಿಳಿಯಬೇಡಿ.
* ಲಗೂನ್‌ನಿಂದ ಹೊರಸಮುದ್ರಕ್ಕೆ ದಾರಿ ಇರುವ ಕಡೆ ನೀರಿನ ಸೆಳೆತ ಜೋರು. ಅತ್ತ ಹೋಗಬೇಡಿ. ಸೆಳೆತಕ್ಕೆ ಸಿಕ್ಕರೆ ಎದುರು ಈಜದೆ, ತೇಲುತ್ತಾ ಕೈ ಎತ್ತಿ ಸಹಾಯ ಕೇಳಿ.
* ಬೆನ್ನು ಸುಡದಂತೆ ಪೂರ್ಣ ತೋಳಿನ ಈಜುಡುಗೆ ಧರಿಸಿ. ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಹಾನಿ ಎಂಬ ಕಾರಣಕ್ಕೆ ಹವಾಯಿ ರಾಜ್ಯ 2021ರಿಂದ ಅದರ ಮಾರಾಟ ನಿಷೇಧಿಸಿದೆ.
* ಸ್ಕೂಬಾ ಕೂಡ ಮಾಡಿದ್ದರೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಿ.

ಹವಳ ಮುಟ್ಟಿದರೆ, ತಂದರೆ ಏನಾಗುತ್ತದೆ?

ಹವಳ ಕಲ್ಲಲ್ಲ, ಜೀವಿ. ಒಮ್ಮೆ ಕಾಲಿಟ್ಟು ಮುರಿದ ಹವಳ ಮತ್ತೆ ಬೆಳೆಯಲು ವರ್ಷಗಳೇ ಬೇಕು. ದಿಬ್ಬ ಕಟ್ಟುವ ಹವಳ, ಕಡಲಕುದುರೆ, ಕಡಲ ಸೌತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಇವನ್ನು ಹಿಡಿಯುವುದು, ಸಾಗಿಸುವುದು 3ರಿಂದ 7 ವರ್ಷ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ದಡದಲ್ಲಿ ಬಿದ್ದ ಸತ್ತ ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡರೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು.

ಲಕ್ಷದ್ವೀಪದ ಹವಳ 1998, 2010, 2016 ಮತ್ತು 2024ರಲ್ಲಿ ಬಿಸಿನೀರಿನ ಹೊಡೆತ ತಿಂದಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿಯಲ್ಲಿ ನಡೆಸಿದ ದೀರ್ಘಕಾಲದ ಅಧ್ಯಯನದ ಪ್ರಕಾರ 1998ರಲ್ಲಿ ಸುಮಾರು ಶೇ. 37ರಷ್ಟಿದ್ದ ಹವಳದ ಹೊದಿಕೆ 2022ರ ಹೊತ್ತಿಗೆ ಶೇ. 19ರ ಆಸುಪಾಸಿಗೆ ಇಳಿದಿದೆ. ದ್ವೀಪವಾಸಿಗಳಿಗೆ ಇದು ಕೇವಲ ಪ್ರವಾಸದ ವಿಷಯವಲ್ಲ. ಅಲೆಗಳಿಂದ ಅವರ ನೆಲವನ್ನು ಕಾಯುವ ಗೋಡೆಯೇ ಈ ಹವಳದ ದಿಬ್ಬ.

ಯಾರಿಗೆ ಯಾವುದು? ಒಂದೇ ನೋಟದಲ್ಲಿ

* ಹಡಗಿನ ಅನುಭವವೂ ಬೇಕು, ಹವಳವೂ ಬೇಕು: ಸಮುದ್ರಂ ಮಾದರಿಯ ಲಕ್ಷದ್ವೀಪ ಪ್ರವಾಸ, ಅದರಲ್ಲೂ ಕಲ್ಪೇನಿ.
* ಸ್ನಾರ್ಕೆಲಿಂಗ್ ಒಂದೇ ಗುರಿ: ಬಂಗಾರಂ ಅಥವಾ ಕಡಮತ್‌ನಲ್ಲಿ ತಂಗುವುದು.
* ಪರ್ಮಿಟ್ ಓಡಾಟಕ್ಕೆ ಸಮಯವಿಲ್ಲ: ಅಂಡಮಾನ್‌ನ ಎಲಿಫೆಂಟ್ ಬೀಚ್, ಜಾಲಿ ಬಾಯ್.
* ಹಿರಿಯರು ಜೊತೆಗಿದ್ದಾರೆ: ಗಾಜಿನ ತಳದ ದೋಣಿ ಇರುವ ನಾರ್ತ್ ಬೇ. ದೋಣಿಗೆ ಇಳಿಯುವುದು ಕಷ್ಟವಿಲ್ಲದಿದ್ದರೆ ಕವರತ್ತಿ.
* ಈಜು ಚೆನ್ನಾಗಿ ಬರುತ್ತದೆ, ಊರಿಗೆ ಹೋಗುವುದಿದೆ: ನೇತ್ರಾಣಿ.

ಹಡಗಿನ ವೇಳಾಪಟ್ಟಿ, ದರ ಮತ್ತು ಪರ್ಮಿಟ್ ನಿಯಮಗಳು ಪ್ರತಿ ಋತುವಿನಲ್ಲಿ ಬದಲಾಗುತ್ತವೆ. ಹಣ ಪಾವತಿಸುವ ಮುನ್ನ ಲಕ್ಷದ್ವೀಪ ಮತ್ತು ಅಂಡಮಾನ್ ಆಡಳಿತದ ಅಧಿಕೃತ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳಿ.