ಕೆನಡಾದ ಕಾಯಂ ನಿವಾಸಿ ಕಾರ್ಡ್

ಕೆನಡಾದಲ್ಲಿ ಕಾಯಂ ನೆಲೆಸಲು ಅನುಮತಿ ಪಡೆದು, ಇನ್ನೂ ಅಲ್ಲಿನ ಪೌರರಾಗದವರಿಗೆ ಆ ದೇಶದ ಸರ್ಕಾರ ಕೊಡುವ ಗುರುತಿನ ಚೀಟಿ. ಬಳಕೆಯ ಹೆಸರು ಪಿಆರ್ ಕಾರ್ಡ್. ಕಾರ್ಡಿನ ಅವಧಿ ಸಾಮಾನ್ಯವಾಗಿ ಐದು ವರ್ಷ. ಕಾಯಂ ನಿವಾಸದ ಹಕ್ಕಿಗೆ ಅಂಥ ಗಡುವಿಲ್ಲ. ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಚಾಲ್ತಿಯ ಕಾರ್ಡ್ ಕೈಯಲ್ಲಿದ್ದ ಮಾತ್ರಕ್ಕೆ ಅದು ಭದ್ರವೂ ಅಲ್ಲ.

ಹಿನ್ನೆಲೆ

2001ರ ವಲಸೆ ಮತ್ತು ನಿರಾಶ್ರಿತರ ಸಂರಕ್ಷಣಾ ಕಾಯ್ದೆ 2002ರ ಜೂನ್ 28ರಂದು ಜಾರಿಗೆ ಬಂದಾಗ ಕಾರ್ಡ್ ಚಾಲ್ತಿಗೆ ಬಂತು. 2003ರ ಡಿಸೆಂಬರ್ 31ರಿಂದ, ವಿಮಾನ, ಹಡಗು, ರೈಲು, ಬಸ್ಸುಗಳಲ್ಲಿ ಕೆನಡಾಕ್ಕೆ ಮರಳುವ ಕಾಯಂ ನಿವಾಸಿಗಳಿಗೆ ಇದು ಬೇಕೇ ಬೇಕಾಯಿತು.

730 ದಿನಗಳ ಲೆಕ್ಕ

ಹಕ್ಕು ನಿಂತಿರುವುದು ವಾಸದ ದಿನಗಳ ಮೇಲೆ. ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 730 ದಿನ ಕೆನಡಾದಲ್ಲಿರಬೇಕು. ಆ ದಿನಗಳು ಒಂದರ ಹಿಂದೊಂದು ಬರಬೇಕೆಂದಿಲ್ಲ. ದಿನದ ಒಂದಿಷ್ಟು ಹೊತ್ತು ಅಲ್ಲಿದ್ದರೂ ಅದು ಪೂರ್ಣ ದಿನವೇ: ಟೊರಾಂಟೊದಿಂದ ಸಂಜೆ ವಿಮಾನ ಹತ್ತಿದರೆ ಆ ದಿನವೂ ಲೆಕ್ಕಕ್ಕೆ ಬರುತ್ತದೆ. ಕೆನಡಾ ಪೌರರಾದ ಪತಿ ಅಥವಾ ಪತ್ನಿಯ ಜೊತೆಗೆ ಹೊರದೇಶದಲ್ಲಿ ಕಳೆದ ದಿನಗಳನ್ನೂ, ಕೆನಡಾದ ಸಂಸ್ಥೆ ಪೂರ್ಣಾವಧಿ ಕೆಲಸಕ್ಕೆ ಹೊರಗೆ ನಿಯೋಜಿಸಿದ ದಿನಗಳನ್ನೂ ಸೇರಿಸಿಕೊಳ್ಳಬಹುದು. ಉದಾಹರಣೆಗೆ, ಐದು ವರ್ಷಗಳಲ್ಲಿ 600 ದಿನ ಟೊರಾಂಟೊದಲ್ಲಿದ್ದವರು ಕೆನಡಾ ಪೌರೆಯಾದ ಪತ್ನಿಯ ಜೊತೆ 130 ದಿನ ಹುಬ್ಬಳ್ಳಿಯಲ್ಲಿದ್ದರೆ ಲೆಕ್ಕ ಸರಿಹೋಗುತ್ತದೆ. ತಂದೆತಾಯಿಯ ಆರೈಕೆಗೆ ಒಬ್ಬರೇ ಬಂದು ಉಳಿದಿದ್ದರೆ ಆ ದಿನಗಳು ಸೇರುವುದಿಲ್ಲ. ಆದರೆ ಮಾನವೀಯ ಕಾರಣವೆಂದು ಅಧಿಕಾರಿಯ ಮುಂದಿಡಬಹುದು.

ನವೀಕರಣ

ಕಾರ್ಡಿನ ಅವಧಿ ಒಂಬತ್ತು ತಿಂಗಳಿಗಿಂತ ಕಡಿಮೆ ಉಳಿದಾಗ ಅರ್ಜಿ ಹಾಕಬಹುದು. ಶುಲ್ಕ 50 ಕೆನಡಾ ಡಾಲರ್. ಅರ್ಜಿದಾರರು ಕೆನಡಾದೊಳಗೇ ಇರಬೇಕು. ಹೊರದೇಶದ ವಿಳಾಸಕ್ಕೆ ಕಾರ್ಡ್ ಕಳುಹಿಸುವುದಿಲ್ಲ. ಐದು ವರ್ಷಗಳಲ್ಲಿ ದೇಶ ಬಿಟ್ಟ, ಮರಳಿದ ತಾರೀಖುಗಳನ್ನೆಲ್ಲ ಅರ್ಜಿಯಲ್ಲಿ ಬರೆಯಬೇಕಾಗುತ್ತದೆ. ಪಾಸ್‌ಪೋರ್ಟಿನ ಮೊಹರುಗಳಿಗೂ ಬರೆದದ್ದಕ್ಕೂ ತಾಳೆಯಾಗದಿದ್ದರೆ ವಿಚಾರಣೆ ಉದ್ದವಾಗುತ್ತದೆ.

ಹೊರದೇಶದಲ್ಲಿರುವಾಗ ಕಾರ್ಡ್ ಕಳೆದರೆ ಅಥವಾ ಅವಧಿ ಮುಗಿದರೆ, ಮರಳುವ ಪ್ರಯಾಣಕ್ಕಾಗಿ 'ಕಾಯಂ ನಿವಾಸಿ ಪ್ರಯಾಣ ದಾಖಲೆ'ಗೆ ಅರ್ಜಿ ಹಾಕಬೇಕು. 730 ದಿನಗಳ ಲೆಕ್ಕವನ್ನು ಅಲ್ಲಿಯೂ ನೋಡುತ್ತಾರೆ.

ಹಕ್ಕು ಕೊನೆಗೊಳ್ಳುವ ಬಗೆ

ವಾಸದ ನಿಯಮ ಪಾಲಿಸಿಲ್ಲವೆಂಬ ನಿರ್ಣಯ ಅಂತಿಮವಾದಾಗ, ಗಡೀಪಾರು ಆದೇಶ ಜಾರಿಯಾದಾಗ, ತಾವೇ ಬಿಟ್ಟುಕೊಟ್ಟಾಗ ಅಥವಾ ಪೌರರಾದಾಗ ಕಾಯಂ ನಿವಾಸ ಕೊನೆಗೊಳ್ಳುತ್ತದೆ. ವಾಸದ ನಿಯಮದ ಬಗ್ಗೆ ಹೊರದೇಶದಲ್ಲಿ ಬಂದ ಪ್ರತಿಕೂಲ ನಿರ್ಣಯದ ವಿರುದ್ಧ 60 ದಿನಗಳೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು.

ಐದು ವರ್ಷಗಳಲ್ಲಿ 1,095 ದಿನ ಕೆನಡಾದಲ್ಲಿದ್ದು, ಉಳಿದ ಷರತ್ತುಗಳನ್ನೂ ಪೂರೈಸಿದವರು ಪೌರತ್ವಕ್ಕೆ ಅರ್ಹರು. ಭಾರತದ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ; ಕೆನಡಾ ಪೌರತ್ವ ಪಡೆದ ದಿನವೇ ಭಾರತೀಯ ಪೌರತ್ವ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಬೇಕೆನ್ನುವವರು 730 ದಿನಗಳ ಲೆಕ್ಕವನ್ನು ಕೊನೆಯವರೆಗೂ ಇಡಬೇಕಾಗುತ್ತದೆ.