ಕೌಲಾಲಂಪುರದಲ್ಲಿ ಹತ್ತು ಗಂಟೆ: ಟ್ರಾನ್ಸಿಟ್ ಪ್ರಯಾಣಿಕರಿಗೊಂದು ಕೈಪಿಡಿ

ಆಸ್ಟ್ರೇಲಿಯಾ, ಇಂಡೋನೇಷ್ಯಾ, ಜಪಾನ್ ಕಡೆ ಓದಲು, ದುಡಿಯಲು ಹೋಗುವ ಕರಾವಳಿಯ ಯುವಕರಲ್ಲಿ ಹಲವರು ಕೌಲಾಲಂಪುರದಲ್ಲಿ ವಿಮಾನ ಬದಲಿಸುತ್ತಾರೆ. ಬೆಂಗಳೂರು, ಕೊಚ್ಚಿ ಎರಡೂ ಕಡೆಯಿಂದ ಅಲ್ಲಿಗೆ ನೇರ ವಿಮಾನ ಉಂಟು. ನಡುವೆ ಸಿಗುವ ಎಂಟು-ಹತ್ತು ಗಂಟೆಯನ್ನು ಏರ್‌ಪೋರ್ಟ್ ಕುರ್ಚಿಯಲ್ಲೇ ಕಳೆಯಬೇಕಾಗಿಲ್ಲ. ಆದರೆ ಲೆಕ್ಕ ತಪ್ಪಿದರೆ ಮುಂದಿನ ವಿಮಾನವೇ ತಪ್ಪೀತು.

ಮೊದಲು ಗಂಟೆಗಳ ಲೆಕ್ಕ

ಏರ್‌ಪೋರ್ಟ್ ನಗರದಿಂದ 50 ಕಿ.ಮೀ.ಗಿಂತಲೂ ದೂರ. ಇಮಿಗ್ರೇಶನ್ ಮುಗಿಸಿ ಹೊರಬರಲು ಒಂದೂವರೆ ಗಂಟೆ, ಹೋಗಲು ಒಂದು, ಬರಲು ಒಂದು, ವಿಮಾನಕ್ಕೆ ಮೂರು ಗಂಟೆ ಮೊದಲೇ ವಾಪಸ್. ಒಟ್ಟು ಆರೂವರೆ ಗಂಟೆ ಖರ್ಚು. ಹತ್ತು ಗಂಟೆ ಇದ್ದರೆ ಕೈಗೆ ಉಳಿಯುವುದು ಮೂರೂವರೆ. ಎಂಟಕ್ಕಿಂತ ಕಡಿಮೆ ಇದ್ದರೆ ಹೊರಗೆ ಹೋಗದಿರುವುದೇ ಒಳ್ಳೆಯದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ವಾಚ್ ಇಳಿದ ಕೂಡಲೇ ಸರಿಮಾಡಿಕೊಳ್ಳಿ.

ಕಾಗದಪತ್ರ, ಬ್ಯಾಗ್

2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಕಿಲ್ಲ. ಇದು ಅವಧಿ ನಿಗದಿಪಡಿಸಿದ ರಿಯಾಯಿತಿಯಾದ್ದರಿಂದ ಟಿಕೆಟ್ ಮಾಡುವ ಮೊದಲು ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು. ಏರ್‌ಪೋರ್ಟಿನಿಂದ ಹೊರಗೆ ಹೋಗುವವರು ಬರುವ ಮೂರು ದಿನದೊಳಗೆ ಮಲೇಷ್ಯಾ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇದಕ್ಕೆ ಶುಲ್ಕ ಇಲ್ಲ. ಹಣ ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

ಎರಡೂ ವಿಮಾನ ಒಂದೇ ಟಿಕೆಟಿನಲ್ಲಿದ್ದರೆ ಸಾಮಾನ್ಯವಾಗಿ ಬ್ಯಾಗ್ ನೇರ ಕೊನೆಯ ಊರಿಗೆ ಹೋಗ್ತದೆ. ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ವಿಮಾನ ತಪ್ಪಿದರೆ ನಷ್ಟವೂ ಪ್ರಯಾಣಿಕನದ್ದೇ. ಟರ್ಮಿನಲ್ ಎರಡು ಉಂಟು. ಮುಂದಿನ ವಿಮಾನ ಯಾವುದರಿಂದ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ನಗರಕ್ಕೆ ದಾರಿ

ಕೆಎಲ್‌ಐಎ ಎಕ್ಸ್‌ಪ್ರೆಸ್ ರೈಲು ಟರ್ಮಿನಲ್ 1ರಿಂದ ಕೆಎಲ್ ಸೆಂಟ್ರಲ್ ನಿಲ್ದಾಣಕ್ಕೆ 28 ನಿಮಿಷದಲ್ಲಿ, ಟರ್ಮಿನಲ್ 2ರಿಂದ 33 ನಿಮಿಷದಲ್ಲಿ ಮುಟ್ಟಿಸ್ತದೆ. ನಾಲ್ಕು ಜನ ಇದ್ದರೆ ಗ್ರಾಬ್ ಕಾರು ಅಗ್ಗ. ಆದರೆ ಸಂಜೆಯ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದರೆ ಉಳಿಸಿದ ದುಡ್ಡಿಗಿಂತ ಹೋದ ಸಮಯ ದುಬಾರಿ. ಸೆಂಟ್ರಲ್‌ನಿಂದ ಕೆಲಾನಾ ಜಯಾ ಮಾರ್ಗದ ಎಲ್‌ಆರ್‌ಟಿ ಹತ್ತಿದರೆ ಪಸಾರ್ ಸೆನಿ, ಮಸ್ಜಿದ್ ಜಮೆಕ್, ಕೆಎಲ್‌ಸಿಸಿ ಮೂರೂ ಒಂದೇ ಸಾಲಿನಲ್ಲಿ ಸಿಗ್ತವೆ.

ನೋಡಬೇಕಾದದ್ದು

ಮಸ್ಜಿದ್ ಜಮೆಕ್: ಕ್ಲಾಂಗ್, ಗೊಂಬಾಕ್ ನದಿಗಳು ಕೂಡುವಲ್ಲಿ ಈ ಮಸೀದಿ ಉಂಟು. ಊರು ಹುಟ್ಟಿದ್ದೂ ಇಲ್ಲೇ. ಕೌಲಾಲಂಪುರ ಎಂದರೆ ಕೆಸರಿನ ಸಂಗಮ ಎಂದರ್ಥ. ಕೆಂಪು ಇಟ್ಟಿಗೆ, ಬಿಳಿ ಪಟ್ಟಿಯ ಈ ಕಟ್ಟಡವನ್ನು ಬ್ರಿಟಿಷ್ ವಾಸ್ತುಶಿಲ್ಪಿ ಆರ್ಥರ್ ಬೆನಿಸನ್ ಹಬ್ಬಕ್ ವಿನ್ಯಾಸ ಮಾಡಿದ್ದು, 1909ರಲ್ಲಿ ತೆರೆಯಿತು. ಪಕ್ಕದಲ್ಲೇ ಮರ್ಡೆಕಾ ಚೌಕ. 1957ರ ಆಗಸ್ಟ್ 31ರಂದು ಬ್ರಿಟಿಷ್ ಬಾವುಟ ಇಳಿದದ್ದು ಅಲ್ಲಿ.

ಮಸ್ಜಿದ್ ನೆಗಾರ: 1965ರ ರಾಷ್ಟ್ರೀಯ ಮಸೀದಿ. ಮಿನಾರ 73 ಮೀಟರ್, ಛಾವಣಿ ಅರ್ಧ ಬಿಚ್ಚಿದ ಕೊಡೆಯ ಹಾಗೆ. ಹತ್ತಿರದಲ್ಲೇ ಇಸ್ಲಾಮಿಕ್ ಕಲಾ ಮ್ಯೂಸಿಯಂ ಉಂಟು.

ಪೆಟ್ರೋನಾಸ್ ಅವಳಿ ಗೋಪುರ: 88 ಮಹಡಿ, 451.9 ಮೀಟರ್. 1998ರಿಂದ 2004ರವರೆಗೆ ಜಗತ್ತಿನಲ್ಲೇ ಎತ್ತರದ ಕಟ್ಟಡ. ಇದರ ತಳವಿನ್ಯಾಸ ಇಸ್ಲಾಮಿಕ್ ಕಲೆಯ ಎಂಟು ಮೂಲೆಯ ನಕ್ಷತ್ರದ್ದು. ಮೇಲೆ ಹತ್ತಲು ಟಿಕೆಟ್, ಸರದಿ ಎರಡೂ ಬೇಕು. ಸಮಯ ಕಡಿಮೆ ಇದ್ದವರು ಕೆಳಗಿನ ಪಾರ್ಕಿನಿಂದ ನೋಡಿದರೆ ಸಾಕು.

ಮೂರೂವರೆ ಗಂಟೆಗೆ ಇವುಗಳಲ್ಲಿ ಎರಡು ಸ್ಥಳ, ಒಂದು ಊಟ. ಅಷ್ಟೇ ಇಟ್ಟುಕೊಳ್ಳುವುದು ಕ್ಷೇಮ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಕೊಡೆ ಇರಲಿ.

ತಿನ್ನಬೇಕಾದದ್ದು

ಅಲ್ಲಿನ 'ಮಾಮಕ್' ಹೋಟೆಲುಗಳು ತಮಿಳು ಮುಸ್ಲಿಮರ ಪರಂಪರೆಯವು. ಹೆಸರು ಬಂದದ್ದೂ 'ಮಾಮ' ಎಂಬ ಕರೆಯಿಂದ. ರೋಟಿ ಚನಾಯ್ ಎಂದರೆ ನಮ್ಮ ಪರೋಟದ ಹತ್ತಿರದ ಸಂಬಂಧಿ, ಜೊತೆಗೆ ಬೇಳೆ ಸಾರು. ನಾಸಿ ಕಂದರ್ ಎಂದರೆ ಅನ್ನದ ಮೇಲೆ ನಾಲ್ಕೈದು ಬಗೆಯ ಸಾರು. ಹಿಂದೆ ಪೆನಾಂಗ್‌ನಲ್ಲಿ ಭಾರತೀಯ ಮುಸ್ಲಿಮರು ಹೆಗಲ ಮೇಲಿನ ಕೋಲಿಗೆ ಬುಟ್ಟಿ ಕಟ್ಟಿ ಮಾರುತ್ತಿದ್ದ ಊಟ ಇದು. 'ಕಂದರ್' ಎಂದರೆ ಆ ಕೋಲು. ನಾಸಿ ಲೆಮಕ್ ತೆಂಗಿನ ಹಾಲಿನ ಅನ್ನ. ಖಾರದ ಸಂಬಲ್, ಹುರಿದ ಸಣ್ಣ ಒಣಮೀನು, ಕಡ್ಲೆಕಾಯಿ, ಮೊಟ್ಟೆ ಜೊತೆಗಿರ್ತದೆ. ಎತ್ತಿ ಸುರಿದು ನೊರೆ ಬರಿಸುವ ತೆಹ್ ತಾರಿಕ್ ಚಹಾ ತುಂಬಾ ಸಿಹಿ. 'ಕುರಾಂಗ್ ಮಾನಿಸ್' ಎಂದರೆ ಸಕ್ಕರೆ ಕಡಿಮೆ ಹಾಕ್ತಾರೆ.

ಮುಸ್ಲಿಂ ಬಹುಸಂಖ್ಯಾತ ದೇಶವೆಂದು ಎಲ್ಲಾ ಹೋಟೆಲೂ ಹಲಾಲ್ ಅಲ್ಲ. ಹಂದಿ ಮಾಂಸ ಮಾರುವ ಅಂಗಡಿಗಳೂ ಉಂಟು. ಸರ್ಕಾರದ ಇಲಾಖೆ 'ಜಾಕಿಮ್'ನ ಹಲಾಲ್ ಮುದ್ರೆ ನೋಡಿ, ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ.

ನಮಾಝ್

ಏರ್‌ಪೋರ್ಟ್, ಮಾಲ್ ಎಲ್ಲೆಡೆ 'ಸುರಾವ್' ಎಂಬ ನಮಾಝ್ ಕೋಣೆ ಇರ್ತದೆ, ಹೆಂಗಸರಿಗೆ ಬೇರೆ. ಳುಹರ್ ಸಮಯ ಅಲ್ಲಿ ಒಂದು ಗಂಟೆಯ ಸುಮಾರಿಗೆ, ಮಗ್ರಿಬ್ ಏಳು-ಏಳೂವರೆಯ ನಡುವೆ. ಶುಕ್ರವಾರ ಜುಮಾ ಹೊತ್ತಿಗೆ ಮಸೀದಿಗಳಲ್ಲಿ ಜನಸಂದಣಿ ಇರುವುದರಿಂದ ಆ ದಿನದ ಲೆಕ್ಕಕ್ಕೆ ಇನ್ನೊಂದು ಗಂಟೆ ಸೇರಿಸಬೇಕು.