ಹಂಚಿಬಂದ ಬೀಜ, ಹಂಚಿಬಂದ ಅಕ್ಷರ

ಚಿಕ್ಕಮಗಳೂರಿನ ಗಿರಿಶ್ರೇಣಿಗೆ ಕಾಫಿ ಬಂದ ಕಥೆಯನ್ನು ಕೇಳದವರು ವಿರಳ. 17ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯಾತ್ರೆಯಿಂದ ಹಿಂದಿರುಗುವಾಗ ಯೆಮೆನ್ ದೇಶದ ಮೋಕಾ ರೇವಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಮೊಳೆಯಬಲ್ಲ ಬೀಜವನ್ನು ಅರಬ್ ವರ್ತಕರು ಹೊರಗೆ ಬಿಡುತ್ತಿರಲಿಲ್ಲವೆಂದೂ ಹೇಳುವುದುಂಟು. ಐತಿಹ್ಯದ ಮಾತು ಹಾಗಿರಲಿ. ಮುಂದೆ ಈ ಸೀಮೆಯಲ್ಲಿ ನಡೆದ ಬೀಜದ ಹಂಚಿಕೆಗೆ ಖಚಿತವಾದ ಇತಿಹಾಸವೇ ಉಂಟು.

20ನೆಯ ಶತಮಾನದ ಆರಂಭದಲ್ಲಿ ಎಲೆತುಕ್ಕು ರೋಗವು ತೋಟಗಳನ್ನು ಕಾಡುತ್ತಿದ್ದಾಗ, ಕೆಂಟ್ ಎಂಬ ತೋಟಗಾರರು ಮೈಸೂರು ಸೀಮೆಯ ತೋಟವೊಂದರಲ್ಲಿ ರೋಗವನ್ನು ತಾಳಿಕೊಂಡ ಗಿಡವನ್ನು ಗುರುತಿಸಿದರು. ಅದರ ಬೀಜ ತೋಟದಿಂದ ತೋಟಕ್ಕೆ ಹೋಯಿತು. ಅವರ ಹೆಸರೂ ಅದರೊಡನೆ ಹೋಯಿತು. ಕಾಲಕ್ರಮದಲ್ಲಿ ತುಕ್ಕು ಹೊಸ ರೂಪ ತಾಳಿ ಆ ತಳಿಯನ್ನೂ ಹಿಡಿಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರವು ಸ್ಥಾಪಿಸಿದ ಕಾಫಿ ಸಂಶೋಧನ ಕೇಂದ್ರದವರು ಎಸ್. 288 ಎಂಬ ತಳಿಯನ್ನು ಕೆಂಟ್‌ನೊಡನೆ ಸಂಕರಗೊಳಿಸಿ ಎಸ್. 795 ತಳಿಯನ್ನು ಪಡೆದರು. 1940ರ ದಶಕದಲ್ಲಿ ಅದು ಬೆಳೆಗಾರರ ಕೈಸೇರಿತು. ಒಬ್ಬರು ಕೊಟ್ಟುದನ್ನು ಇನ್ನೊಬ್ಬರು ತಿದ್ದಿದರು, ವಂಶಾವಳಿಯನ್ನು ಬರೆದಿಟ್ಟರು, ತಿದ್ದಿದುದನ್ನು ಮತ್ತೆ ಎಲ್ಲರಿಗೂ ಕೊಟ್ಟರು.

ಗಣಕಯಂತ್ರದ ಲೋಕದಲ್ಲಿ ಇದೇ ನಡವಳಿಕೆಗೆ ಮುಕ್ತ ತಂತ್ರಾಂಶವೆಂದು ಹೆಸರು. ಕನ್ನಡದ ಮಟ್ಟಿಗೆ ಅದರ ಕಥೆಯೂ ಈ ಕಾಫಿಯ ಸೀಮೆಯನ್ನು ಹಾದುಹೋಗುತ್ತದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡದ ಸಮಸ್ತ ಅಕ್ಷರಗಳನ್ನೂ ಮೂಡಿಸುವ ವಿನ್ಯಾಸವನ್ನು ರಚಿಸಿದರು. ವ್ಯಂಜನದ ಕೀಲಿಯಾದ ಮೇಲೆ ಸ್ವರದ ಕೀಲಿಯನ್ನೊತ್ತಿದರೆ ಗುಣಿತಾಕ್ಷರ, ನಡುವೆ ಇನ್ನೊಂದು ಕೀಲಿಯನ್ನೊತ್ತಿದರೆ ಒತ್ತಕ್ಷರ. ಇದನ್ನು ಅವರು ಎಲ್ಲರ ಬಳಕೆಗೂ ಮುಕ್ತವಾಗಿ ಬಿಟ್ಟರು. ಕರ್ನಾಟಕ ಸರ್ಕಾರವು ಅಲ್ಪಸ್ವಲ್ಪ ಬದಲಾವಣೆಯೊಡನೆ ಅದನ್ನೇ ಪ್ರಮಾಣಿತ ವಿನ್ಯಾಸವಾಗಿ ಸ್ವೀಕರಿಸಿತು.

ಆದರೂ ತೊಡಕು ತೀರಲಿಲ್ಲ. ಪ್ರತಿಯೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಇಟ್ಟುಕೊಂಡಿದ್ದಿತು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗುತ್ತಿತ್ತು. ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಇದನ್ನು ಕನ್ನಡದ ಅಳಿವು ಉಳಿವಿನ ಪ್ರಶ್ನೆಯೆಂದೇ ಬಗೆದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿದ್ದಿತು. 2007ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. 1991ರಲ್ಲೇ ಕನ್ನಡವನ್ನು ಒಳಗೊಂಡಿದ್ದ ಯುನಿಕೋಡ್ ಎಂಬ ಮುಕ್ತ ಸಂಕೇತಪದ್ಧತಿ ಕ್ರಮೇಣ ಬಳಕೆಗೆ ಬಂದು ಆ ಗೊಂದಲವನ್ನು ಬಹುಮಟ್ಟಿಗೆ ತೊಡೆಯಿತು.

ಇಂದು ಕನ್ನಡದಲ್ಲಿ ತಂತ್ರಾಂಶ ರಚಿಸುವ ತರುಣನಿಗೆ ಅಕ್ಷರಶೈಲಿಗಳೂ ಆಕರ ಸಂಕೇತವೂ ಧಾರಾಳವಾಗಿ ದೊರೆಯುತ್ತವೆ. ಆದರೆ ಮುಕ್ತವೆಂದರೆ ಹೇಳುವವರು ಕೇಳುವವರಿಲ್ಲದ್ದು ಎಂದಲ್ಲ. ಮಲೆನಾಡಿನ ಅಡಕೆ ತೋಟದವರಿಗೆ ಸೊಪ್ಪಿನಬೆಟ್ಟದ ರೀತಿ ಗೊತ್ತು: ಸೊಪ್ಪು ತರಬಹುದು, ಬೆಟ್ಟವನ್ನು ಬೋಳಿಸಬಾರದು. ಇಲ್ಲಿಯೂ ಪರವಾನಗಿಯೆಂಬ ಕಟ್ಟಳೆಯುಂಟು. ಗ್ನು ಸಾರ್ವಜನಿಕ ಪರವಾನಗಿಯ ಸಂಕೇತವನ್ನು ತಿದ್ದಿ ಇತರರಿಗೆ ಹಂಚಿದರೆ, ತಿದ್ದಿದ ಆಕರವನ್ನೂ ಅದೇ ಕರಾರಿನ ಮೇಲೆ ತೆರೆದಿಡಬೇಕು. ನೋಟೋ, ಬಾಲೂ ತಮ್ಮ ಮೊದಲಾದ ಕನ್ನಡ ಅಕ್ಷರಶೈಲಿಗಳ ಮುಕ್ತ ಪರವಾನಗಿಯು ಪುಸ್ತಕದಲ್ಲಾಗಲಿ ತಂತ್ರಾಂಶದಲ್ಲಾಗಲಿ ಬಳಸಲು ಒಪ್ಪುತ್ತದೆ. ಅಕ್ಷರಶೈಲಿಯೊಂದನ್ನೇ ಪ್ರತ್ಯೇಕವಾಗಿ ಮಾರಲು ಒಪ್ಪದು. ಕರ್ತೃವಿನ ಹೆಸರಿನ ಸಾಲನ್ನು ಅಳಿಸುವುದಂತೂ ಕೆಂಟ್ ತಳಿಯ ಬೀಜಕ್ಕೆ ನಮ್ಮ ಹೆಸರನ್ನಿಟ್ಟು ಮಾರಿದಂತೆಯೇ ಸರಿ.

ಕಟ್ಟಳೆಯನ್ನು ಪಾಲಿಸಿದ ಮಾತ್ರಕ್ಕೆ ಋಣ ತೀರಿತೆನ್ನುವಂತೆಯೂ ಇಲ್ಲ. ಅಂತರಜಾಲದ ವ್ಯವಹಾರಗಳನ್ನು ಗುಪ್ತವಾಗಿಡುವ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವನ್ನು ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳೆಲ್ಲ ಬಳಸುತ್ತಿದ್ದವು. ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. 2012ರಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ನುಸುಳಿದ್ದ ತಪ್ಪೊಂದು 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಹೆಸರಿನಿಂದ ಬಯಲಾದಾಗ ಲೋಕವೇ ಗಾಬರಿಗೊಂಡಿತು. ಆಮೇಲೆ ಆ ಸಂಸ್ಥೆಗಳಲ್ಲಿ ಹಲವು ಒಟ್ಟುಗೂಡಿ ಇಂತಹ ಕೆಲಸಗಳಿಗೆ ಹಣ ಕೂಡಿಸಿದವು. ತುಕ್ಕು ಹತ್ತಿದ ಕೆಂಟ್ ತಳಿಯನ್ನು ತಿದ್ದಲು ಬಾಳೆಹೊನ್ನೂರಿನಂತಹ ಕೇಂದ್ರವೊಂದರ ಆಸರೆಯಿದ್ದಿತು. ಓಪನ್ ಎಸ್‌ಎಸ್‌ಎಲ್‌ಗೆ ಅಂತಹ ಆಸರೆ ದೊರೆತದ್ದು ರೋಗ ಬಯಲಾದ ಮೇಲೆ.

ಕನ್ನಡದ ತಂತ್ರಾಂಶಗಳಿಗೆ ಕೋಟಿಗಟ್ಟಲೆ ಬಂಡವಾಳದ ಬೆಂಬಲವಿಲ್ಲ. ಒತ್ತಕ್ಷರವೊಂದು ತಪ್ಪಾಗಿ ಮೂಡಿದರೆ ಅದನ್ನು ಕಂಡವರು ಕರ್ತೃವಿಗೆ ಬರೆದು ತಿಳಿಸಬೇಕು. ತಿದ್ದಬಲ್ಲವರು ತಿದ್ದಿ ಹಿಂದಿರುಗಿಸಬೇಕು. ಮನೆಯಲ್ಲಿ ಇಂತಹ ಉದ್ಯೋಗದಲ್ಲಿರುವ ಮಕ್ಕಳಿದ್ದರೆ, ಅವರ ತಂತ್ರಾಂಶದಲ್ಲಿ ಯಾರ ಯಾರ ಬೀಜವಿದೆಯೆಂದು ಒಮ್ಮೆ ಕೇಳಿ ನೋಡಬಹುದು.